ಹಗ್ಗ ನಿನ್ನ ಕೈಯಿಂದಲೇ ಕೊಡು

ಅಗರಖೇಡ

ಮೊಮ್ಮಗನೇ,

ಮೊನ್ನೆ ಫೋನಿನಲ್ಲಿ ನೀನು, ‘ಕುದುರೆಯನ್ನು ಯಾರಾದರೂ ಒಯ್ಯಲಿ ಮುತ್ಯಾ, ಪುಕ್ಕಟೆ ಕೊಟ್ಟುಬಿಡು’ ಅಂದೆ. ಪುಣೆಯಲ್ಲಿ ನಿನಗೆ ನೌಕರಿ ಸಿಕ್ಕದ್ದು ನನಗೂ ಸಂತೋಷವೇ ತಮ್ಮಾ. ಮದುವೆ ಮೆರವಣಿಗೆಗೆಂದು ಸಾಲ ಮಾಡಿ ತಂದ ಕುದುರೆ ಈಗ ಭಾರವಾಗಿರುವುದೂ ಖರೆ. ಆದರೆ ಪುಕ್ಕಟೆ ಅಂದರೆ ಮೊದಲು ಬಾಗಿಲಿಗೆ ಬರುವವನು ದಲ್ಲಾಳಿ.

ನಿನಗೆ ಇದುವರೆಗೆ ಹೇಳಿಲ್ಲ. ನಿನ್ನ ವಯಸ್ಸಿನಲ್ಲಿ ನಾನು ಮನೆಯ ಮುದಿ ಹೆಣ್ಣುಗುದುರೆಯನ್ನು ಸಂತೆಯಲ್ಲಿ ಗುರುತಿಲ್ಲದವನ ಕೈಗೆ ಕೊಟ್ಟು ಬಂದೆ. ಎಂಟು ದಿನದ ಮೇಲೆ ವಿಚಾರಿಸಿದರೆ ಅವನು ಹೇಳಿದ ಊರೂ ಸುಳ್ಳು, ಹೆಸರೂ ಸುಳ್ಳು. ಹಗ್ಗ ಬಿಟ್ಟಾಗ ಅದು ಹೊರಳಿ, ಎರಡೂ ಕಿವಿ ನಿಗುರಿಸಿ ನನ್ನನ್ನೇ ನೋಡಿತ್ತು. ಈಗಲೂ ಕೊಟ್ಟಿಗೆಯಲ್ಲಿ ನಿನ್ನ ಕುದುರೆ ಹಾಗೆ ನೋಡಿದರೆ ನನಗೆ ಊಟ ಸೇರುವುದಿಲ್ಲ.

ಚಿಕ್ಕವನಿದ್ದಾಗ ಗೋಳಗುಮ್ಮಟದ ಮುಂದೆ ಟಾಂಗಾ ಹತ್ತಬೇಕೆಂದು ಹಟ ಹಿಡಿದು ಅತ್ತವನು ನೀನು. ಆಟೋಗಳು ಬಂದು ವಿಜಯಪುರದ ಟಾಂಗಾಗಳ ದುಡಿಮೆ ಕುಗ್ಗಿತು. ಕುದುರೆಯ ಹೊಟ್ಟೆ ಕುಗ್ಗಲಿಲ್ಲ. ನಿನ್ನ ಕುದುರೆಯಷ್ಟು ಗಾತ್ರದ ಪ್ರಾಣಿಗೆ ದಿನಕ್ಕೆ 6–7 ಕಿಲೋ ಒಣಮೇವು ಬೇಕು, ಒಂದೂವರೆ–ಎರಡು ತಿಂಗಳಿಗೊಮ್ಮೆ ಗೊರಸು ಕೆತ್ತಿಸಬೇಕು. ಚೆನ್ನಾಗಿ ಸಾಕಿದರೆ 25 ವರ್ಷ ಬಾಳುತ್ತದೆ. ಹಲ್ಲು ನೋಡಿದೆ, ನಿನ್ನದಕ್ಕೆ ಇನ್ನೂ ಹತ್ತು ತುಂಬಿಲ್ಲ. ನಾವು ಹುಡುಕಬೇಕಾದದ್ದು ಹದಿನೈದು ವರ್ಷದ ಆಸರೆ. ಹೊಳೆದಂಡೆಗೆ ಬಿಟ್ಟು ಬರೋಣ ಅಂದನಂತೆ ನಿನ್ನ ಗೆಳೆಯ. ಉಪವಾಸ ಬೀಳುವಂತೆ ಪ್ರಾಣಿಯನ್ನು ಬಿಟ್ಟುಹೋಗುವುದು 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯ ಪ್ರಕಾರ ಅಪರಾಧ ಎಂದು ಅವನಿಗೆ ತಿಳಿಸು.

ನನ್ನ ಮನಸ್ಸು ಇರುವುದು ಕುರಿಗಾರರ ಮೇಲೆ. ಜೋಳದ ರಾಶಿ ಮುಗಿದ ಮೇಲೆ ನಮ್ಮ ಹೊಲದಲ್ಲಿ ಹಟ್ಟಿ ಹಾಕುತ್ತಾರಲ್ಲ, ಅವರಿಗೆ ಗಂಟುಮೂಟೆ, ಎಳೆಯ ಮರಿಗಳನ್ನು ಹೊರಲು ಕುದುರೆ ಬೇಕೇ ಬೇಕು. ನಮ್ಮ ಭೀಮಾ ಹೊಳೆಯ ಹೆಸರನ್ನೇ ಹೊತ್ತ ಭೀಮಥಡಿ ಕುದುರೆಗಳು ಮರಾಠರ ದಂಡಿನಲ್ಲಿ ಓಡಿದವು. ಇಂದಿಗೂ ಉಳಿದಿರುವುದು ಹೆಚ್ಚಾಗಿ ಕುರಿಗಾರರ ಜೊತೆಯಲ್ಲೇ. ಕುದುರೆ ಒಂಟಿಯಾದರೆ ಕೊರಗುವ ಜೀವ. ಅಲ್ಲಿ ಜೊತೆ ಇದೆ, ಮೇವಿದೆ, ಹೊರುವಷ್ಟೇ ಕೆಲಸವಿದೆ.

ಎರಡು ವರ್ಷದಿಂದ ನಮ್ಮಲ್ಲಿ ಹಟ್ಟಿ ಹಾಕುವ ಹಿರಿಯನೊಬ್ಬ ಬಂದು ನೋಡಿದ. ಬೆನ್ನ ಮೇಲೆ ಅಂಗೈ ಆಡಿಸಿ ಹಳೆಯ ಗಾಯದ ಕಲೆ ಹುಡುಕಿದ, ನಾಲ್ಕೂ ಗೊರಸು ಎತ್ತಿಸಿದ. ಬೆಲೆ ಕೇಳುವ ಮೊದಲು ಏನು ತಿನ್ನುತ್ತದೆ ಅಂತ ಕೇಳಿದ. ಅಲ್ಲಿಗೆ ನನಗೆ ಅವನ ಮೇಲೆ ಭರವಸೆ ಬಂತು. ಬ್ಯಾಂಡಿನ ಸದ್ದಿಗೆ ಬೆದರುತ್ತದೆ, ಎಡಗಡೆಯಿಂದಲೇ ಹತ್ತಿರ ಹೋಗಬೇಕು ಎಂದು ಎಲ್ಲ ಹೇಳಿದ್ದೇನೆ. ಐಬು ಮುಚ್ಚಿ ಕೊಟ್ಟರೆ ಹೊಡೆತ ತಿನ್ನುವುದು ಆ ಮೂಕಪ್ರಾಣಿ.

ಪಶುವೈದ್ಯರನ್ನು ಕರೆಸಿ ಗ್ಲ್ಯಾಂಡರ್ಸ್ ರೋಗದ ರಕ್ತಪರೀಕ್ಷೆ ಮಾಡಿಸುತ್ತೇನೆ. ಅದು ಮನುಷ್ಯರಿಗೂ ಅಂಟುವ ರೋಗ. ಧನುರ್ವಾತದ ಚುಚ್ಚುಮದ್ದೂ ಆಗಲಿ. ಹತ್ತು ದಿನಕ್ಕಾಗುವಷ್ಟು ನಮ್ಮ ಮೇವು, ಹುರುಳಿ ಜೊತೆಗೆ ಕಳಿಸಬೇಕು. ಕುದುರೆಗೆ ವಾಂತಿಯಾಗುವುದಿಲ್ಲ, ಮೇವು ಒಮ್ಮೆಲೇ ಬದಲಾದರೆ ಹೊಟ್ಟೆಶೂಲೆ ಎದ್ದು ಜೀವಕ್ಕೇ ಕುತ್ತು ಬರುತ್ತದೆ. ಒಂದು ತಿಂಗಳು ನೋಡಲಿ, ಒಗ್ಗದಿದ್ದರೆ ನಮ್ಮ ಗೋದಲಿಗೇ ತಿರುಗಿ ತರಲಿ, ಬೇರೆಯವರಿಗೆ ಮಾರಬಾರದು ಎಂದು ಮಾತು ತೆಗೆದುಕೊಂಡಿದ್ದೇನೆ.

ಬರುವ ಭಾನುವಾರ ನೀನು ಬರಲೇಬೇಕು. ಹಗ್ಗ ನಿನ್ನ ಕೈಯಿಂದಲೇ ಕೊಡು, ಹಟ್ಟಿಯವರೆಗೂ ಜೊತೆಗೆ ನಡೆ. ಬರುವಾಗ ಬೆಲ್ಲ ತರುವುದನ್ನು ಮರೆಯಬೇಡ. ನಾನು ಕೊಟ್ಟರೆ ಮೂಸಿ ಬಿಡುತ್ತದೆ.

ನಿನ್ನ ಮುತ್ಯಾ