ಸಭೆಯಲ್ಲಿ ಸೀಮೆಸುಣ್ಣ ಯಾರ ಕೈಯಲ್ಲಿರಬೇಕು?



ಕಾಲೇಜಿನಲ್ಲಿ ವರ್ಷಕ್ಕೆ ಎಷ್ಟೊಂದು ಸಭೆಗಳು ನಡೆಯುತ್ತವೆ! ವಾರ್ಷಿಕೋತ್ಸವದ ಪೂರ್ವಭಾವಿ ಸಭೆ, ಎನ್‌ಎಸ್‌ಎಸ್ ಶಿಬಿರದ ಸಭೆ, ಕ್ರೀಡಾಕೂಟದ ಸಭೆ, ಸಿಬ್ಬಂದಿ ಸಭೆ. ಹೆಚ್ಚಿನವುಗಳಲ್ಲಿ ಐದಾರು ಮಂದಿ ಮಾತಾಡುತ್ತಾರೆ, ಉಳಿದವರು ತಲೆಯಾಡಿಸುತ್ತಾರೆ. ಕಾರ್ಯದರ್ಶಿ ನಡಾವಳಿ ಬರೆದುಕೊಳ್ಳುತ್ತಾರೆ, ಆ ಪುಸ್ತಕವನ್ನು ಮತ್ತೆ ಯಾರೂ ತೆರೆಯುವುದಿಲ್ಲ. ವಾರ ಕಳೆದ ಮೇಲೆ "ನಾನು ಹಾಗೆ ಹೇಳಿಯೇ ಇಲ್ಲ" ಎಂಬ ಮಾತು ಬರುತ್ತದೆ.

ಇದಕ್ಕೊಂದು ಸರಳ ಉಪಾಯವಿದೆ. ಸಭೆ ನಡೆಯುತ್ತಿರುವಾಗಲೇ, ಆಡಿದ ಮಾತನ್ನು ಎಲ್ಲರ ಕಣ್ಣೆದುರು ಬೋರ್ಡಿನ ಮೇಲೆ ಗೆರೆ, ಚೌಕ, ಬಾಣಗಳಲ್ಲಿ ಬಿಡಿಸುತ್ತ ಹೋಗುವುದು. ಇದನ್ನು ಗ್ರಾಫಿಕ್ ಫೆಸಿಲಿಟೇಶನ್ ಎನ್ನುತ್ತಾರೆ. ಸಮಾಜಶಾಸ್ತ್ರ ಪಾಠ ಮಾಡುವ ನಾನು ಇದನ್ನು ಎರಡು ವರ್ಷಗಳಿಂದ ತರಗತಿಯಲ್ಲೂ ಸಭೆಯಲ್ಲೂ ಬಳಸುತ್ತಿದ್ದೇನೆ. ಚೆನ್ನಾಗಿ ಚಿತ್ರ ಬರೆಯಲು ಬರಬೇಕೆಂದೇನೂ ಇಲ್ಲ. ನನಗೂ ಬರುವುದಿಲ್ಲ.

ಇದು ಎಲ್ಲಿಂದ ಬಂತು?

ಅಮೆರಿಕದಲ್ಲಿ ಮೈಕಲ್ ಡಾಯ್ಲ್ ಮತ್ತು ಡೇವಿಡ್ ಸ್ಟ್ರಾಸ್ ಸಭೆ ನಡೆಸುವ ಬಗ್ಗೆ 1976ರಲ್ಲಿ ಒಂದು ಪುಸ್ತಕ ಪ್ರಕಟಿಸಿದರು. ಸಭೆ ನಡೆಸುವವರು ಬೇರೆ, ಗೋಡೆಯ ಮೇಲಿನ ದೊಡ್ಡ ಹಾಳೆಯಲ್ಲಿ ಬರೆಯುವವರು ಬೇರೆ ಇರಬೇಕು ಎಂದರು. ಆ ಹಾಳೆಯನ್ನು ಗುಂಪಿನ ನೆನಪು ಎಂದು ಕರೆದರು. ಅದೇ ದಶಕದಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಡೇವಿಡ್ ಸಿಬೆಟ್ ಬರಹದ ಜೊತೆಗೆ ಚಿತ್ರವನ್ನೂ ಸೇರಿಸಿ ಈ ಪದ್ಧತಿಯನ್ನು ಬೆಳೆಸಿದರು.

ಆದರೆ ನಮಗೆ ಹೆಚ್ಚು ಹತ್ತಿರದ ಕಥೆ ಕರ್ನಾಟಕದ ಹಳ್ಳಿಗಳದ್ದು. ಟಿಬೆಟಿನ ನಿರಾಶ್ರಿತರಿಗೆ ನೆಲೆ ಕಲ್ಪಿಸಲು 1968ರಲ್ಲಿ ಶುರುವಾದ ಸಂಸ್ಥೆ ಮೈರಾಡ. 1990ರ ಆಸುಪಾಸಿನಲ್ಲಿ ಅದರ ಕಾರ್ಯಕರ್ತರು ಗುಲ್ಬರ್ಗ ಮೊದಲಾದ ಕಡೆ ಪ್ರಶ್ನಾವಳಿ ಹಿಡಿದು ಮನೆ ಮನೆಗೆ ಹೋಗುವುದರ ಬದಲು ಹಳ್ಳಿಯವರನ್ನೇ ಒಂದೆಡೆ ಸೇರಿಸಿದರು. "ನಿಮ್ಮ ಊರನ್ನು ನೀವೇ ನೆಲದ ಮೇಲೆ ಬಿಡಿಸಿ" ಎಂದರು. ಜನ ರಂಗೋಲಿ ಪುಡಿ, ಕಲ್ಲು, ಕಾಳು, ಎಲೆಗಳಿಂದ ಮನೆ, ಬಾವಿ, ಹೊಲ, ಹಳ್ಳಗಳನ್ನು ಗುರುತಿಸಿದರು. ಒಬ್ಬರು ತಪ್ಪಾಗಿ ಇಟ್ಟ ಕಲ್ಲನ್ನು ಇನ್ನೊಬ್ಬರು ಸರಿಪಡಿಸಿದರು. ಓದು ಬರಹ ಬಾರದವರೂ ಅದರಲ್ಲಿ ಪೂರ್ತಿಯಾಗಿ ಪಾಲ್ಗೊಳ್ಳಬಹುದಾಗಿತ್ತು.

ಇದೇ ಸಹಭಾಗಿ ಗ್ರಾಮೀಣ ಸಮೀಕ್ಷೆ, ಅಂದರೆ ಪಿ.ಆರ್.ಎ. ಆ ದಿನಗಳಲ್ಲಿ ಭಾರತದಲ್ಲಿದ್ದು ಈ ಕೆಲಸದಲ್ಲಿ ಕೈಜೋಡಿಸಿದ ಇಂಗ್ಲೆಂಡಿನ ವಿದ್ವಾಂಸ ರಾಬರ್ಟ್ ಚೇಂಬರ್ಸ್ ಇದರ ತಿರುಳನ್ನು ಒಂದೇ ಮಾತಿನಲ್ಲಿ ಹೇಳುತ್ತಿದ್ದರು: ಕೋಲನ್ನು ಅವರ ಕೈಗೆ ಕೊಡಿ. ನೆಲದ ಮೇಲೆ ಗೆರೆ ಎಳೆಯುವ ಕೋಲು ಯಾರ ಕೈಯಲ್ಲಿದೆಯೋ ಸಭೆ ಅವರದು ಎಂದು ಇದರ ಅರ್ಥ.

ಮರಳಿನ ಮೇಲೆ ಗೆರೆ ಎಳೆದು ವಿಷಯ ತಿಳಿಸುವುದು ಇನ್ನೂ ಹಳೆಯದು. ಮನುಷ್ಯನ ಆಸೆ ಮತ್ತು ಆಯುಷ್ಯದ ಬಗ್ಗೆ ಹೇಳುವಾಗ ಪ್ರವಾದಿಯವರು (ಸ) ಒಂದು ಚೌಕ, ಅದರ ನಡುವಿನಿಂದ ಹೊರಗೆ ಚಾಚುವ ಒಂದು ಗೆರೆ, ಪಕ್ಕದಲ್ಲಿ ಸಣ್ಣ ಗೆರೆಗಳನ್ನು ಎಳೆದು ತೋರಿಸಿದ ಹದೀಸ್ ಬುಖಾರಿಯಲ್ಲಿದೆ. ಮನುಷ್ಯರ, ಪ್ರಾಣಿಗಳ ಚಿತ್ರ ಬಿಡಿಸಲು ಹಿಂಜರಿಯುವ ವಿದ್ಯಾರ್ಥಿಗಳಿಗೂ ನಾನು ಇದನ್ನೇ ಹೇಳುವುದು. ಮುಖ ಬೇಕಿಲ್ಲ, ಚೌಕ ಮತ್ತು ಗೆರೆ ಸಾಕು.

ಗೆರೆಯೊಂದು ಹೇಳಿದ್ದು

ಕಳೆದ ವರ್ಷ ವಾರ್ಷಿಕೋತ್ಸವದ ಸಭೆ. ನಾಟಕದ ಅಭ್ಯಾಸ ಪ್ರತಿದಿನ ಸಂಜೆ ನಾಲ್ಕೂವರೆಯಿಂದ ಆರರವರೆಗೆ ಎಂದು ಶಿವಮೊಗ್ಗ ನಗರದ ಹುಡುಗರು ಆಗಲೇ ತೀರ್ಮಾನಿಸಿದ್ದರು. ಭದ್ರಾವತಿಯಿಂದ ಬರುವ ಹುಡುಗಿಯರು ಯಾರೂ ಹೆಸರು ಕೊಟ್ಟಿರಲಿಲ್ಲ. "ಅವರಿಗೆ ಆಸಕ್ತಿ ಇಲ್ಲ ಸರ್" ಎಂದು ಒಬ್ಬ ಹೇಳಿದ.

ನಾನು ಬೋರ್ಡಿನ ಮೇಲೆ ಉದ್ದಕ್ಕೊಂದು ಗೆರೆ ಎಳೆದು ಬೆಳಿಗ್ಗೆ ಆರರಿಂದ ರಾತ್ರಿ ಎಂಟರವರೆಗೆ ಗಂಟೆಗಳನ್ನು ಗುರುತಿಸಿದೆ. ಸೀಮೆಸುಣ್ಣವನ್ನು ಹಿಂದಿನ ಬೆಂಚಿನ ಒಬ್ಬಳ ಕೈಗೆ ಕೊಟ್ಟೆ. ಅವಳು ಮಾತಾಡಲಿಲ್ಲ, ಗುರುತು ಹಾಕಿದಳು. ಆರಕ್ಕೆ ಅಭ್ಯಾಸ ಮುಗಿದರೆ ಬಸ್ ನಿಲ್ದಾಣಕ್ಕೆ ಆರೂ ಇಪ್ಪತ್ತು. ಭದ್ರಾವತಿ ಏಳೂ ಕಾಲು. ಅಲ್ಲಿಂದ ಪೇಪರ್ ಟೌನ್‌ನ ಮನೆಗೆ ಏಳೂ ಮುಕ್ಕಾಲು. ಡಿಸೆಂಬರ್ ಕತ್ತಲು ಎಲ್ಲಿ ಶುರುವಾಗುತ್ತದೆ ಎಂದು ಒಂದು ಅಡ್ಡಗೆರೆ ಹಾಕಿ, ಅದರ ಪಕ್ಕ "ಮಗ್ರಿಬ್" ಎಂದು ಬರೆದು ಕುಳಿತಳು.

ತರಗತಿ ಸುಮ್ಮನಾಯಿತು. ಆಸಕ್ತಿಯ ಪ್ರಶ್ನೆ ಅಲ್ಲವೆಂದು ಎಲ್ಲರಿಗೂ ಕಾಣಿಸಿತ್ತು. ಊಟದ ಬಿಡುವನ್ನು ಕತ್ತರಿಸೋಣ ಎಂದು ಒಬ್ಬ ಎದ್ದು ಬಂದ. ಅದೇ ಗೆರೆಯ ಮೇಲೆ ಊಟ, ಜುಹರ್ ನಮಾಜ್ ಎರಡನ್ನೂ ಗುರುತಿಸಿದಾಗ ಜಾಗವೇ ಉಳಿಯಲಿಲ್ಲ, ತಾನೇ ಅಳಿಸಿದ. ಕೊನೆಗೆ ಅರ್ಧ ದಿನದ ಶನಿವಾರ, ಜುಹರ್ ಆದ ಮೇಲೆ ಅಭ್ಯಾಸ ಎಂದು ನಿಶ್ಚಯವಾಯಿತು. ಅಂದೇ ಭದ್ರಾವತಿಯ ನಾಲ್ವರು ಹೆಸರು ಕೊಟ್ಟರು.

ಮಾಡುವ ಕ್ರಮ

1. ಬೋರ್ಡಿನ ಮೇಲ್ಭಾಗದಲ್ಲಿ ಸಭೆಯ ಪ್ರಶ್ನೆಯನ್ನು ಒಂದೇ ವಾಕ್ಯದಲ್ಲಿ ಬರೆಯಿರಿ.

2. ಸಭೆ ನಡೆಸಲು ಒಬ್ಬರು, ಬಿಡಿಸಲು ಇನ್ನೊಬ್ಬರು ಇರಲಿ. ಬಿಡಿಸುವವರು ತಮ್ಮ ಅಭಿಪ್ರಾಯ ಸೇರಿಸಬಾರದು.

3. ಆಡಿದವರ ಮಾತನ್ನೇ ಬರೆಯಿರಿ. ಮನೆಯಲ್ಲಿ ಉರ್ದು, ಹೊರಗೆ ಕನ್ನಡ, ಪುಸ್ತಕದಲ್ಲಿ ಇಂಗ್ಲಿಷ್ ಇರುವ ನಮ್ಮಂಥವರ ಗುಂಪಿನಲ್ಲಿ ಯಾವ ಭಾಷೆಯ ಪದವಾದರೂ ಸರಿ. ಪಕ್ಕದ ಚಿತ್ರ ಅರ್ಥ ಹೇಳುತ್ತದೆ.

4. ವಿಷಯಕ್ಕೆ ತಕ್ಕ ಆಕಾರ ಆರಿಸಿ. ಸಮಯದ ವಿಷಯಕ್ಕೆ ಗೆರೆ, ಜಾಗದ ವಿಷಯಕ್ಕೆ ನಕ್ಷೆ. ಯಾವುದು ಮುಖ್ಯ ಎಂಬುದಕ್ಕೆ ಕೋಷ್ಟಕ ಹಾಕಿ ಪ್ರತಿಯೊಬ್ಬರೂ ಹುಣಸೆ ಬೀಜ ಇಡಲಿ. ಎರಡು ಅಭಿಪ್ರಾಯಗಳು ಎದುರಾದರೆ ನಾನು ತುಂಗಾ, ಭದ್ರಾ ಎಂದು ಎರಡು ಹೊಳೆ ಬಿಡಿಸಿ, "ನಮ್ಮ ಕೂಡ್ಲಿ ಎಲ್ಲಿ?" ಎಂದು ಕೇಳುತ್ತೇನೆ.

5. ಅರ್ಧಕ್ಕೆ ನಿಲ್ಲಿಸಿ, "ಇದರಲ್ಲಿ ಏನು ಬಿಟ್ಟುಹೋಗಿದೆ? ಯಾವುದು ತಪ್ಪಾಗಿದೆ?" ಎಂದು ಕೇಳಿ. ತಿದ್ದುವವರ ಕೈಗೇ ಸೀಮೆಸುಣ್ಣ ಕೊಡಿ.

6. ಕೊನೆಗೆ ಯಾವ ಕೆಲಸ, ಯಾರು, ಯಾವಾಗ ಎಂಬುದನ್ನು ಒಂದು ಚೌಕದಲ್ಲಿ ಬರೆದು, ಮೊಬೈಲಿನಲ್ಲಿ ಫೋಟೊ ತೆಗೆದು ಎಲ್ಲರಿಗೂ ಕಳಿಸಿ.

ನೆನಪಿಗೂ ಇದು ಒಳ್ಳೆಯದು. ಕೆನಡಾದ ವಾಟರ್ಲೂ ವಿಶ್ವವಿದ್ಯಾಲಯದ ಸಂಶೋಧಕರು 2016ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ, ಬರೆದ ಪದಗಳಿಗಿಂತ ಚಿತ್ರವಾಗಿ ಬಿಡಿಸಿದ ಪದಗಳು ಹಲವು ಸಲ ಎರಡು ಪಟ್ಟಿಗೂ ಹೆಚ್ಚು ನೆನಪಿನಲ್ಲಿ ಉಳಿದವು. ಚಿತ್ರ ಅಂದವಾಗಿದೆಯೇ ಇಲ್ಲವೇ ಎಂಬುದರಿಂದ ಹೆಚ್ಚು ವ್ಯತ್ಯಾಸವಾಗಲಿಲ್ಲ. ಓದಿನ ಟಿಪ್ಪಣಿ ಮಾಡುವಾಗಲೂ ಇದು ನೆನಪಿರಲಿ.

ಎಚ್ಚರ ಬೇಕಾದ ಕಡೆ

ಬೋರ್ಡಿನ ಮೇಲೆ ಬಂದದ್ದು ನಿಜವೆಂದು ಕಾಣುತ್ತದೆ, ಬಾರದೇ ಇದ್ದದ್ದು ಇಲ್ಲವೇ ಇಲ್ಲ ಎನಿಸುತ್ತದೆ. ಅಪಾಯ ಇರುವುದೇ ಇಲ್ಲಿ. ಪಿ.ಆರ್.ಎ. ಬಗ್ಗೆಯೂ ಈ ಟೀಕೆ ಬಂದಿತ್ತು. ಊರ ನಡುವೆ ಎಲ್ಲರೆದುರು ನಡೆಯುವ ಸಭೆಗೆ ಹೆಂಗಸರು ಬರುವುದೂ ಮಾತಾಡುವುದೂ ಕಷ್ಟ, ಆದ್ದರಿಂದ ಅಲ್ಲಿ ಮೂಡುವುದು ಬಲಾಢ್ಯ ಗಂಡಸರ ನೋಟವೇ ಆಗಬಹುದು ಎಂದು ಮಾನವಶಾಸ್ತ್ರಜ್ಞ ಡೇವಿಡ್ ಮಾಸ್ 1994ರಲ್ಲಿ ಬರೆದರು. ಹಾಗಾಗಿ ಬಿಡಿಸುವ ಮೊದಲು, ಇಂದು ಯಾರು ಬಂದಿಲ್ಲ ಎಂದು ನೋಡಿ. ಎಲ್ಲರೆದುರು ಬೋರ್ಡಿಗೆ ಬರಲು ಸಂಕೋಚಪಡುವವರಿಗೆ ಚೀಟಿ ಕೊಟ್ಟು, ಅದರಲ್ಲಿ ಬಿಡಿಸಿದ್ದನ್ನು ಹೆಸರಿಲ್ಲದೆ ಅಂಟಿಸಿ. ಯಾರ ಮನೆಯ ಬಡತನವನ್ನೂ, ಯಾರ ಖಾಸಗಿ ತೊಂದರೆಯನ್ನೂ ಬೋರ್ಡಿಗೆ ತರಬೇಡಿ. ಬಣ್ಣ ಬಣ್ಣದ ಅಲಂಕಾರವೂ ಬೇಡ. ಚಿತ್ರ ತೀರಾ ಚೆಂದವಾದರೆ ಅಳಿಸಿ ತಿದ್ದಲು ಯಾರಿಗೂ ಮನಸ್ಸು ಬರುವುದಿಲ್ಲ.

ಅಭ್ಯಾಸ

ಐದೈದು ಮಂದಿಯ ಗುಂಪು ಮಾಡಿಕೊಂಡು ಒಂದು ಚಾರ್ಟ್ ಪೇಪರ್ ಮತ್ತು ಒಂದೇ ಮಾರ್ಕರ್ ತೆಗೆದುಕೊಳ್ಳಿ. ಪ್ರಶ್ನೆ: ನಮ್ಮ ಗ್ರಂಥಾಲಯವನ್ನು ಯಾರು, ಯಾವ ಹೊತ್ತಿನಲ್ಲಿ ಬಳಸಲು ಆಗುತ್ತಿಲ್ಲ? ನಿಯಮ ಒಂದೇ. ಗುಂಪಿನಲ್ಲಿ ಅತಿ ಕಡಿಮೆ ಮಾತಾಡುವವರಿಗೆ ಮಾರ್ಕರ್ ಮೊದಲು ಹೋಗಬೇಕು. ಮುಗಿದ ಹಾಳೆಗಳನ್ನು ಸಮಾಜಶಾಸ್ತ್ರ ವಿಭಾಗಕ್ಕೆ ತಂದುಕೊಡಿ. ಗ್ರಂಥಾಲಯ ಸಮಿತಿಯ ಮುಂದಿನ ಸಭೆಯಲ್ಲಿ ಗೋಡೆಗೆ ಅಂಟಿಸೋಣ.