ಕರಿದ ಎಣ್ಣೆಯಿಂದ ಲಾರಿಗೆ ಇಂಧನ: ಬಯೋಡೀಸೆಲ್

ಬಜ್ಜಿ, ಬೋಂಡಾ ಕರಿದು ಉಳಿದ ಎಣ್ಣೆ ಡೀಸೆಲ್‌ಗಿಂತ ಬಹಳ ಮಂದ. ಹಾಗೆಯೇ ಟ್ಯಾಂಕಿಗೆ ಸುರಿದರೆ ಇಂಜೆಕ್ಟರ್ ಕಟ್ಟಿಕೊಳ್ಳುತ್ತದೆ. ಅದನ್ನು ಸೋಸಿ, ನೀರಿನಂಶ ತೆಗೆದು, ಮೆಥನಾಲ್ ಜೊತೆಗೆ ಕಾಸ್ಟಿಕ್ ಸೋಡಾ ಅಥವಾ ಪೊಟ್ಯಾಸಿಯಂ ಹೈಡ್ರಾಕ್ಸೈಡ್ ವೇಗವರ್ಧಕ ಬೆರೆಸಿ ಸುಮಾರು 60 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕಲಕಬೇಕು. ಆಮೇಲೆ ಮೇಲೆ ನಿಲ್ಲುವುದು ಬಯೋಡೀಸೆಲ್, ಅಂದರೆ ಮೀಥೈಲ್ ಎಸ್ಟರ್, ತಳಕ್ಕಿಳಿಯುವುದು ಗ್ಲಿಸರಾಲ್. ಈ ಕ್ರಿಯೆಯೇ ಟ್ರಾನ್ಸ್‌ಎಸ್ಟರಿಫಿಕೇಶನ್.

ಪದೇ ಪದೇ ಕಾಯಿಸಿದ ಎಣ್ಣೆಯಲ್ಲಿ ಮುಕ್ತ ಕೊಬ್ಬಿನಾಮ್ಲ ಹೆಚ್ಚು. ಅದು ಕ್ಷಾರದೊಡನೆ ಸೇರಿ ಸಾಬೂನಾಗಿ ಇಳುವರಿ ತಗ್ಗಿಸುತ್ತದೆ. ಆದ್ದರಿಂದ ಮೊದಲು ಟೈಟ್ರೇಶನ್ ಮಾಡಿ ಆಮ್ಲದ ಪ್ರಮಾಣ ಅಳೆಯುತ್ತಾರೆ. ಮೆಥನಾಲ್ ವಿಷ, ಬೇಗ ಹೊತ್ತಿಕೊಳ್ಳುವ ದ್ರವ. ಅಡುಗೆಮನೆಯಲ್ಲಿ ಈ ಪ್ರಯೋಗ ಖಂಡಿತ ಬೇಡ.

ಎಣ್ಣೆಯನ್ನು ಇಂಧನವಾಗಿಸುವ ಯೋಚನೆ ಹೊಸದಲ್ಲ: 1900ರ ಪ್ಯಾರಿಸ್ ಪ್ರದರ್ಶನದಲ್ಲೇ ಡೀಸೆಲ್ ಎಂಜಿನ್ ಕಡಲೆಕಾಯಿ ಎಣ್ಣೆಯಲ್ಲಿ ಓಡಿತ್ತು. ಈಗ ಇಂಥ ಇಂಧನಗಳಿಗಾಗಿಯೇ ಆಗಸ್ಟ್ 10 ವಿಶ್ವ ಜೈವಿಕ ಇಂಧನ ದಿನ. ಭಾರತದಲ್ಲಿ ಕರಿಯುವ ಎಣ್ಣೆಯ ಒಟ್ಟು ಧ್ರುವೀಯ ಸಂಯುಕ್ತಗಳು (ಎಣ್ಣೆ ಕಾದು ಕೆಟ್ಟಾಗ ಹುಟ್ಟುವ ವಸ್ತುಗಳು) ಶೇ. 25 ಮೀರಬಾರದೆಂಬ ನಿಯಮ 2018ರ ಜುಲೈ 1ರಿಂದ ಜಾರಿಯಲ್ಲಿದೆ. ಈ ಮಿತಿ ಮೀರಿದ ಎಣ್ಣೆ ಮತ್ತೆ ಬಾಣಲೆಗೆ ಬರದೆ ಇಂಧನವಾಗಲೆಂದು ಆಹಾರ ಸುರಕ್ಷತಾ ಪ್ರಾಧಿಕಾರ (ಎಫ್‌ಎಸ್‌ಎಸ್‌ಎಐ) ಅದೇ ವರ್ಷ 'ರೂಕೊ' ಯೋಜನೆ ತಂದಿತು. ಆರೋಗ್ಯಕ್ಕೂ ಇಂಧನಕ್ಕೂ ಒಟ್ಟಿಗೆ ನೆರವಾಗುವ ಇಂಥ ಯೋಜನೆ ಅಪರೂಪ.

ಬಯೋಡೀಸೆಲನ್ನು ಸಾಮಾನ್ಯವಾಗಿ ಡೀಸೆಲ್‌ಗೆ ಬೆರೆಸಿ ಬಳಸುತ್ತಾರೆ; ಬಿ20 ಎಂದರೆ ಶೇ. 20 ಬಯೋಡೀಸೆಲ್ ಇರುವ ಮಿಶ್ರಣ. 2018ರ ರಾಷ್ಟ್ರೀಯ ಜೈವಿಕ ಇಂಧನ ನೀತಿಯ ಗುರಿ, 2030ರ ವೇಳೆಗೆ ಡೀಸೆಲ್‌ನಲ್ಲಿ ಶೇ. 5 ಬಯೋಡೀಸೆಲ್.