ಕುಡಿತ ಕಡಿಮೆ ಮಾಡುವ ಮಾತ್ರೆ: ಸಾಂಬಾರಿಗೆ ಬೆರೆಸುವುದಲ್ಲ



ಈ ಸಲದ ಪಾಠಕ್ಕೆ ಕಾರಣ ನಮ್ಮ ಒಬ್ಬ ಸದಸ್ಯೆ. ಹೆಸರು, ಊರು ಬೇಡ. ಮಲೆನಾಡಿನ ಒಂದು ಕಾಫಿ ತೋಟದ ಲೈನು ಮನೆಯಲ್ಲಿ ಇರುವವರು ಎಂದಷ್ಟೇ ತಿಳಿದುಕೊಳ್ಳಿ. ಅವತ್ತು ಸಭೆ ಮುಗಿದು, ಉಳಿತಾಯದ ಹಣ ಎಣಿಸಿ, ಪುಸ್ತಕಕ್ಕೆ ಸಹಿ ಹಾಕಿ ಎಲ್ಲರೂ ಎದ್ದು ಹೋದರು. ಈಕೆ ಮಾತ್ರ ಉಳಿದರು. ಸೆರಗಿನ ಗಂಟು ಬಿಚ್ಚಿ ಅರ್ಧ ಖಾಲಿಯಾದ ಒಂದು ಮಾತ್ರೆ ಪಟ್ಟಿ ತೋರಿಸಿದರು.

"ಸಿಸ್ಟರ್, ಪುಡಿ ಮಾಡಿ ಸಾಂಬಾರಿಗೆ ಹಾಕಿದ್ರೆ ಗೊತ್ತಾಗಲ್ಲ ಅಂದ್ರು. ನಾಲ್ಕು ದಿನ ಹಾಕ್ದೆ. ಶನಿವಾರ ಬಟವಾಡೆ ಆಯ್ತು, ಕುಡ್ಕೊಂಡು ಬಂದ್ರು. ಮುಖ ಎಲ್ಲ ಕೆಂಪು, ವಾಂತಿ ಮೇಲೆ ವಾಂತಿ, ಎದೆ ಹಿಡ್ಕೊಂಡು ಅಂಗಳದಲ್ಲೇ ಬಿದ್ರು. ಆಸ್ಪತ್ರೆಲಿ ಡಾಕ್ಟ್ರು ಏನಾದ್ರೂ ಮಾತ್ರೆ ತಗೊಂಡಿದ್ದಾರಾ ಅಂತ ಕೇಳಿದ್ರು. ನಾನು ಇಲ್ಲ ಅಂದೆ."

ಆ "ಇಲ್ಲ" ಎಂಬ ಒಂದು ಮಾತು ಆಕೆಯ ಗಂಡನ ಜೀವ ತೆಗೆಯಬಹುದಿತ್ತು. ಪುಣ್ಯಕ್ಕೆ ಉಳಿದರು. ಆದರೆ ಆಕೆಯ ಮುಂದಿನ ಪ್ರಶ್ನೆ ಕೇಳಿ: "ಇನ್ನೂ ಆರು ಮಾತ್ರೆ ಇದೆ. ಏನ್ಮಾಡ್ಲಿ?"

ಆಕೆಯನ್ನು ಬೈಯಲು ನನಗೆ ಮನಸ್ಸು ಬರಲಿಲ್ಲ. ಹನ್ನೊಂದು ವರ್ಷ ಏಟು ತಿಂದು, ಮಕ್ಕಳ ಫೀಸಿನ ಹಣ ವೈನ್ ಶಾಪಿಗೆ ಹೋಗುವುದನ್ನು ನೋಡಿದವಳು ಇನ್ನೇನು ಮಾಡಬೇಕಿತ್ತು? ಕುಡಿತಕ್ಕೆ ಔಷಧ ಇದೆ ಎಂದು ಆಕೆ ಕೇಳಿದ್ದು ಸುಳ್ಳಲ್ಲ, ಔಷಧ ಇದೆ. ಅದನ್ನು ಕೊಡುವ ಕ್ರಮವನ್ನು ಆಕೆಗೆ ಯಾರೂ ಹೇಳಿಕೊಟ್ಟಿರಲಿಲ್ಲ, ಅಷ್ಟೇ.

ಆ ಮಾತ್ರೆಯ ಹೆಸರು ಡೈಸಲ್ಫಿರಾಮ್. ಅದರ ಕಥೆ ವಿಚಿತ್ರವಾಗಿದೆ. ಇದು ರಬ್ಬರು ಕಾರ್ಖಾನೆಯಲ್ಲಿ ಬಳಸುತ್ತಿದ್ದ ವಸ್ತು. ಅಲ್ಲಿ ಕೆಲಸ ಮಾಡುವವರಿಗೆ ಕುಡಿದರೆ ಮೈಗೆ ಆಗುತ್ತಿಲ್ಲ ಎಂದು 1937ರಲ್ಲಿ ಅಮೆರಿಕದ ಒಬ್ಬ ವೈದ್ಯರು ಗಮನಿಸಿದ್ದರು. ಆಮೇಲೆ ಡೆನ್ಮಾರ್ಕಿನ ಇಬ್ಬರು ಸಂಶೋಧಕರು ಅದನ್ನೇ ಹೊಟ್ಟೆಹುಳದ ಔಷಧಿ ಆಗಬಹುದೇ ಎಂದು ತಾವೇ ನುಂಗಿ ನೋಡಿದರು. ಎಂದಿನಂತೆ ಸ್ವಲ್ಪ ಮದ್ಯ ಕುಡಿದರೆ ಇಬ್ಬರಿಗೂ ಮುಖ ಕೆಂಪೇರಿ ತಲೆ ಸಿಡಿಯತೊಡಗಿತು. 1948ರಿಂದ ಅದು ಕುಡಿತದ ಔಷಧಿಯಾಯಿತು.

ಇದು ಕೆಲಸ ಮಾಡುವುದು ಹೀಗೆ. ನಾವು ಕುಡಿದ ಮದ್ಯವನ್ನು ಲಿವರ್ ಎರಡು ಹಂತದಲ್ಲಿ ಕರಗಿಸುತ್ತದೆ. ಮೊದಲ ಹಂತದಲ್ಲಿ ಅದು ಒಂದು ವಿಷವಸ್ತು ಆಗುತ್ತದೆ. ಎರಡನೇ ಹಂತದಲ್ಲಿ ಆ ವಿಷ ಮುರಿದು, ತೊಂದರೆ ಇಲ್ಲದ ವಸ್ತುವಾಗಿ ಹೊರಗೆ ಹೋಗುತ್ತದೆ. ಡೈಸಲ್ಫಿರಾಮ್ ಈ ಎರಡನೇ ಹಂತವನ್ನು ತಡೆಯುತ್ತದೆ. ಬಚ್ಚಲಿನ ನೀರು ಹೋಗುವ ತೂಬಿಗೆ ಬಟ್ಟೆ ತುರುಕಿ ಮೇಲಿನಿಂದ ನೀರು ಸುರಿದ ಹಾಗೆ. ವಿಷ ಮೈಯಲ್ಲೇ ನಿಲ್ಲುತ್ತದೆ. ಮುಖ ಸುಡುತ್ತದೆ, ಎದೆ ಡವಡವ ಹೊಡೆಯುತ್ತದೆ, ವಾಂತಿ ಬರುತ್ತದೆ, ಬಿಪಿ ಕುಸಿಯುತ್ತದೆ. ಹೃದಯದ ತೊಂದರೆ ಇರುವವರು ಸತ್ತೇ ಹೋಗಬಹುದು.

ಹಾಗಾದರೆ ಇಂಥ ಮಾತ್ರೆಯನ್ನು ಡಾಕ್ಟರು ಯಾಕೆ ಕೊಡುತ್ತಾರೆ? ಇದರ ಶಕ್ತಿ ಇರುವುದು "ಕುಡಿದರೆ ನನಗೆ ಹೀಗಾಗುತ್ತದೆ" ಎಂಬ ತಿಳಿವಳಿಕೆಯಲ್ಲಿ. ಬೆಳಿಗ್ಗೆ ಒಂದು ಸಲ ಮನಸ್ಸು ಗಟ್ಟಿ ಮಾಡಿ ಮಾತ್ರೆ ನುಂಗಿದರೆ, ಸಂಜೆ ವೈನ್ ಶಾಪಿನ ಮುಂದೆ ಹಾದುಹೋಗುವಾಗ ಆ ನೆನಪೇ ತಡೆಯುತ್ತದೆ. ಗೊತ್ತಿಲ್ಲದೆ ತಿಂದವನಿಗೆ ಆ ನೆನಪು ಎಲ್ಲಿಂದ ಬರಬೇಕು? ಅವನಿಗೆ ಸಿಗುವುದು ಬರೀ ವಿಷ. ಕದ್ದು ಬೆರೆಸಿದರೆ ಅಪಾಯವೂ ಹೌದು, ಪ್ರಯೋಜನವೂ ಇಲ್ಲ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯೂ ರೋಗಿಯ ಒಪ್ಪಿಗೆ ಪಡೆದೇ ಚಿಕಿತ್ಸೆ ಕೊಡಬೇಕು ಎನ್ನುತ್ತದೆ.

ಒಪ್ಪಿಕೊಂಡೇ ತೆಗೆದುಕೊಳ್ಳುವವರ ಮನೆಯವರೂ ಕೆಲವು ಸಂಗತಿ ತಿಳಿದಿರಬೇಕು. ಮದ್ಯ ಮೈಯಿಂದ ಪೂರ್ತಿ ಇಳಿಯದೆ ಈ ಮಾತ್ರೆ ಶುರು ಮಾಡುವಂತಿಲ್ಲ. ನಿಲ್ಲಿಸಿದ ಮೇಲೂ ಎರಡು ವಾರದ ತನಕ ಮದ್ಯ ತಾಗಿದರೆ ತೊಂದರೆ ಆಗಬಹುದು. ಬಾಟ್ಲಿ ಮಾತ್ರ ಅಲ್ಲ, ಕೆಲವು ಕೆಮ್ಮಿನ ಸಿರಪ್ಪು, ಅರಿಷ್ಟ, ಆಸವಗಳಲ್ಲೂ ಮದ್ಯಸಾರ ಇರುತ್ತದೆ. ನಮ್ಮ ಮನೆಗಳ ಕ್ರಿಸ್ಮಸ್ ವೈನು, ರಮ್ಮು ಹಾಕಿದ ಕೇಕು ಕೂಡ ಲೆಕ್ಕಕ್ಕೆ ಬರುತ್ತದೆ. "ಒಂದು ಚೂರು, ಏನಾಗಲ್ಲ" ಎಂದು ಒತ್ತಾಯ ಮಾಡುವ ಅತ್ತಿಗೆ, ನಾದಿನಿಯರಿಗೆ ಮೊದಲೇ ಹೇಳಿಡಿ. ಕಣ್ಣು ಹಳದಿ ಆದರೆ ಮಾತ್ರೆ ನಿಲ್ಲಿಸಿ ಕೂಡಲೇ ಡಾಕ್ಟರ ಹತ್ತಿರ ಹೋಗಬೇಕು.

ಇನ್ನು ಕುಡಿತ ಒಮ್ಮೆಲೇ ಬಿಡುವ ವಿಷಯ. ಇಲ್ಲಿ ನನ್ನದೇ ಒಂದು ತಪ್ಪು ಹೇಳಬೇಕು. ಸುಮಾರು ಇಪ್ಪತ್ತು ವರ್ಷದ ಹಿಂದೆ, ತಪಸ್ಸುಕಾಲದಲ್ಲಿ, ಒಬ್ಬ ದಿನಗೂಲಿ ಕೆಲಸದವರಿಂದ "ಇವತ್ತಿನಿಂದ ಮುಟ್ಟುವುದಿಲ್ಲ" ಎಂದು ನಾನೇ ಮಾತು ತೆಗೆದುಕೊಂಡೆ. ಬಹಳ ಹೆಮ್ಮೆಯಿಂದ ಕಾನ್ವೆಂಟಿಗೆ ಬಂದೆ. ಎರಡನೇ ದಿನ ಅವರಿಗೆ ಫಿಟ್ಸ್ ಬಂತು. ಮೂರನೇ ದಿನ ಗೋಡೆ ಮೇಲೆ ಹಾವು ಹರಿಯುತ್ತಿದೆ ಎಂದು ಕೂಗಾಡಿದರು. ಮನೆಯವರು ಗಾಳಿ ಸೋಕಿದೆ ಎಂದುಕೊಂಡರು. ಎಂ.ಎಸ್.ಡಬ್ಲ್ಯು. ಓದಿದ ನನಗೂ ಇದು ಕುಡಿತ ತಟ್ಟನೆ ನಿಂತದ್ದರ ಪರಿಣಾಮ ಎಂದು ಹೊಳೆಯಲು ಅರ್ಧ ದಿನ ಬೇಕಾಯಿತು.

ದಿನವೂ ಹೆಚ್ಚು ಕುಡಿಯುವವರ ಮೆದುಳು ಮದ್ಯಕ್ಕೆ ಒಗ್ಗಿಹೋಗಿರುತ್ತದೆ. ಒಮ್ಮೆಲೇ ನಿಲ್ಲಿಸಿದರೆ ಕೆಲವೇ ಗಂಟೆಗಳಲ್ಲಿ ಕೈನಡುಕ, ಬೆವರು, ನಿದ್ದೆ ಇಲ್ಲದಿರುವುದು ಶುರುವಾಗುತ್ತದೆ. ಫಿಟ್ಸ್ ಸಾಮಾನ್ಯವಾಗಿ ಮೊದಲ ಎರಡು ದಿನದಲ್ಲಿ ಬರುತ್ತದೆ. ಬುದ್ಧಿ ಕಲಕಿ, ಇಲ್ಲದ್ದು ಕಾಣುವುದು ಎರಡರಿಂದ ನಾಲ್ಕನೇ ದಿನದ ಹೊತ್ತಿಗೆ. ಚಿಕಿತ್ಸೆ ಸಿಗದಿದ್ದರೆ ಇದರಲ್ಲಿ ಜೀವ ಹೋಗಬಹುದು. 2020ರ ಲಾಕ್‌ಡೌನಿನಲ್ಲಿ ಮಾರ್ಚ್ ಕೊನೆಯಿಂದ ಮೇ 4ರವರೆಗೆ ಕರ್ನಾಟಕದಲ್ಲಿ ಮದ್ಯದಂಗಡಿ ಮುಚ್ಚಿದಾಗ ಎಷ್ಟೋ ಮನೆಗಳಲ್ಲಿ ಇದನ್ನು ಕಂಡೆವು. ಅಯ್ಯಪ್ಪನ ಮಾಲೆ ಹಾಕುವವರು, ತಪಸ್ಸುಕಾಲಕ್ಕೆ ಬಿಡುವವರು ಒಳ್ಳೆಯ ಮನಸ್ಸಿನಿಂದಲೇ ಬಿಡುತ್ತಾರೆ. ಆದರೆ ಬೆಳಿಗ್ಗೆ ಎದ್ದ ಕೂಡಲೇ ಕೈ ನಡುಗಿ, ಒಂದು ಗುಟುಕು ಹಾಕದೆ ನಿಲ್ಲದವರಾದರೆ ಮೊದಲು ಆಸ್ಪತ್ರೆಗೆ ಹೋಗಲಿ. ಅಲ್ಲಿ ಐದಾರು ದಿನ ನಡುಕ ಇಳಿಸುವ ಮಾತ್ರೆಯನ್ನು ದಿನದಿನಕ್ಕೆ ಕಡಿಮೆ ಮಾಡುತ್ತಾ ಕೊಡುತ್ತಾರೆ. ಜೊತೆಗೆ ಬಿ1 ವಿಟಮಿನ್ ಇಂಜೆಕ್ಷನ್ ಕೊಡುತ್ತಾರೆ. ಈ ವಿಟಮಿನ್ನನ್ನು ಸಣ್ಣದೆಂದು ತಿಳಿಯಬೇಡಿ. ಅದು ಕೊರತೆಯಾಗಿ ನೆನಪು ಶಾಶ್ವತವಾಗಿ ಕಳೆದುಕೊಂಡವರಿದ್ದಾರೆ. ಫಿಟ್ಸ್ ಬಂದರೆ, ಇಲ್ಲದ್ದು ಕಂಡರೆ 108ಕ್ಕೆ ಫೋನ್ ಮಾಡಿ. ಮಂತ್ರ, ತಾಯತ ಆಮೇಲೆ ನೋಡೋಣ.

"ಪೂರ್ತಿ ಬಿಡ್ತೀನಿ ಅಂತ ಅವರು ಒಪ್ಪಲ್ಲ ಸಿಸ್ಟರ್, ಕಮ್ಮಿ ಮಾಡ್ತೀನಿ ಅಂತಾರೆ." ಈ ಮಾತು ನಾನು ಪ್ರತಿ ಸಂಘದಲ್ಲೂ ಕೇಳಿದ್ದೇನೆ. ಮೊದಲೆಲ್ಲ ನನಗೆ ಸಿಟ್ಟು ಬರುತ್ತಿತ್ತು, ಇದು ನೆಪ ಎಂದು. ಈಗ ಹಾಗೆ ಅನಿಸುವುದಿಲ್ಲ. ಅವರಾಗಿ ತೆರೆದ ಬಾಗಿಲು ಅದೊಂದೇ ಆದರೆ ಅದರೊಳಗೇ ಹೋಗೋಣ.

ಅದಕ್ಕೆ ಸಹಾಯ ಮಾಡುವ ಮಾತ್ರೆ ನಾಲ್ಟ್ರೆಕ್ಸೋನ್. ಇದು ಡೈಸಲ್ಫಿರಾಮ್ ಥರ ಹೆದರಿಸುವುದಿಲ್ಲ. ಕುಡಿದಾಗ ಮೆದುಳಿನಲ್ಲಿ ಏಳುವ ಸುಖ ಇದೆಯಲ್ಲ, "ಇನ್ನೊಂದು ಹಾಕು" ಎಂದು ಕರೆಯುವುದು, ಅದನ್ನು ಇದು ಮಂಕು ಮಾಡುತ್ತದೆ. ಒಲೆಯ ಉರಿ ತಗ್ಗಿಸಿದ ಹಾಗೆ. ಕುಡಿದರೆ ವಾಂತಿ ಮಾಡಿಸಿ ಬೀಳಿಸುವುದಿಲ್ಲ, ಆದರೆ ಮೊದಲಿನ ಮಜಾ ಇರುವುದಿಲ್ಲ, ನಾಲ್ಕರ ಜಾಗದಲ್ಲಿ ಎರಡಕ್ಕೇ ಸಾಕೆನಿಸುತ್ತದೆ. ಹೆಚ್ಚಾಗಿ ದಿನಕ್ಕೆ 50 ಮಿಲಿಗ್ರಾಂನ ಒಂದು ಮಾತ್ರೆ ಬರೆಯುತ್ತಾರೆ. ಕುಡಿಯುವ ಸಂಭವ ಇರುವ ದಿನ ಮಾತ್ರ, ಅದಕ್ಕೆ ಒಂದು ಗಂಟೆ ಮುಂಚೆ ತೆಗೆದುಕೊಳ್ಳುವ ಕ್ರಮವೂ ಇದೆ. ಫಿನ್ಲೆಂಡಿನಲ್ಲಿ ಸಿಂಕ್ಲೇರ್ ಎಂಬ ಸಂಶೋಧಕರು ಅದನ್ನು ಪ್ರಚಾರಕ್ಕೆ ತಂದರು. ಯಾವುದು ಯಾರಿಗೆ ಎಂಬುದನ್ನು ಡಾಕ್ಟರೇ ಹೇಳಬೇಕು. ಮೊದಲ ದಿನಗಳಲ್ಲಿ ವಾಕರಿಕೆ, ತಲೆನೋವು ಬರಬಹುದು. ಶುರು ಮಾಡುವ ಮುಂಚೆ ಲಿವರ್ ಪರೀಕ್ಷೆ ಬೇಕು. ಟ್ರಮಡಾಲ್‌ನಂಥ ಗಟ್ಟಿ ನೋವಿನ ಮಾತ್ರೆ, ಕೊಡೀನ್ ಇರುವ ಕೆಮ್ಮಿನ ಸಿರಪ್ಪು ಇದರ ಜೊತೆ ಆಗುವುದಿಲ್ಲ. ಮುಂದೆ ಆಪರೇಷನ್ ಏನಾದರೂ ಬಂದರೆ ಇದನ್ನು ತೆಗೆದುಕೊಳ್ಳುತ್ತಿದ್ದೇವೆ ಎಂದು ಮೊದಲೇ ಹೇಳಬೇಕು.

ಅಕಾಂಪ್ರೊಸೇಟ್ ಎಂಬ ಇನ್ನೊಂದು ಮಾತ್ರೆ ಬಿಟ್ಟವರಿಗೆ, ಮತ್ತೆ ಹಂಬಲ ಏಳದಿರಲಿ ಎಂದು. ದಿನಕ್ಕೆ ಮೂರು ಹೊತ್ತು ನುಂಗಬೇಕು, ಕಿಡ್ನಿ ಚೆನ್ನಾಗಿರಬೇಕು. ಲಿವರ್ ಕೆಟ್ಟವರಿಗೆ ಬ್ಯಾಕ್ಲೊಫೆನ್ ಕೊಡುವುದೂ ಉಂಟು. ಅದನ್ನು ತಟ್ಟನೆ ನಿಲ್ಲಿಸಬಾರದು. ಲಿವರ್ ಗಟ್ಟಿಯಾಗಿ ಹೊಟ್ಟೆಯಲ್ಲಿ ನೀರು ತುಂಬಿದವರಿಗೆ, ಬಸುರಿಯರಿಗೆ "ಕಮ್ಮಿ ಮಾಡುವುದು" ಎಂಬುದೇ ಇಲ್ಲ, ಪೂರ್ತಿ ಬಿಡಲೇಬೇಕು. ಹೌದು, ಬಸುರಿಯರು ಎಂದೆ. ನಮ್ಮ ಹೆಂಗಸರಲ್ಲೂ ಕುಡಿಯುವವರಿದ್ದಾರೆ, ಅವರು ಗಂಡಸರಿಗಿಂತ ಹೆಚ್ಚು ಮುಚ್ಚಿಡುತ್ತಾರೆ. ಅವರಿಗೂ ಇದೇ ಚಿಕಿತ್ಸೆ.

ಈ ಮಾತ್ರೆಗಳು ಜಾದೂ ಅಲ್ಲ. 2014ರಲ್ಲಿ ಅಮೆರಿಕದ ವೈದ್ಯರು ಅನೇಕ ಅಧ್ಯಯನಗಳನ್ನು ಒಟ್ಟು ಮಾಡಿ ನೋಡಿದಾಗ, ಹನ್ನೆರಡು ಜನ ನಾಲ್ಟ್ರೆಕ್ಸೋನ್ ತೆಗೆದುಕೊಂಡರೆ ಅದರಿಂದಾಗಿಯೇ ವಿಪರೀತ ಕುಡಿತಕ್ಕೆ ಮರಳದೆ ಉಳಿಯುವವರು ಒಬ್ಬರು ಎಂದು ಕಂಡಿತು. ಕಡಿಮೆ ಅನಿಸುತ್ತದೆಯೇ? ಆ ಒಬ್ಬರ ಮನೆಯಲ್ಲಿ ಕೇಳಿ ನೋಡಿ. 2023ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ನಾಲ್ಟ್ರೆಕ್ಸೋನ್, ಅಕಾಂಪ್ರೊಸೇಟ್ ಎರಡನ್ನೂ ಅತ್ಯಗತ್ಯ ಔಷಧಗಳ ಪಟ್ಟಿಗೆ ಸೇರಿಸಿತು. ಆದರೂ ನಮ್ಮಲ್ಲಿ ತಲುಪಿರುವುದು ಎಷ್ಟು ಜನಕ್ಕೆ? ಕೇಂದ್ರ ಸರ್ಕಾರ 2019ರಲ್ಲಿ ಪ್ರಕಟಿಸಿದ ಸಮೀಕ್ಷೆಯ ಪ್ರಕಾರ, ಮದ್ಯಕ್ಕೆ ಅಂಟಿಕೊಂಡ 38 ಜನರಲ್ಲಿ ಒಬ್ಬರಿಗೆ ಮಾತ್ರ ಏನಾದರೂ ಚಿಕಿತ್ಸೆ ಸಿಕ್ಕಿದೆ. ಉಳಿದ 37 ಮನೆಗಳಲ್ಲಿ ಪುಡಿ, ಕಷಾಯ, ಹರಕೆ, ಜಗಳ.

ಕಮ್ಮಿ ಮಾಡುವುದೆಂದರೆ ಅಳತೆ ಬೇಕು. ನೀವೆಲ್ಲ ಲೆಕ್ಕ ಬರೆಯುವವರು, ಇದು ನಿಮಗೆ ಸುಲಭ. 30 ಮಿ.ಲೀ.ಯ ಒಂದು ಪೆಗ್ ವಿಸ್ಕಿ ಅಥವಾ ರಮ್ಮಿನಲ್ಲಿ ಸುಮಾರು 10 ಗ್ರಾಂ ಮದ್ಯಸಾರ. ಹಾಗಾದರೆ 180 ಮಿ.ಲೀ. ಕ್ವಾರ್ಟರಿನಲ್ಲಿ 60 ಗ್ರಾಂ. ಗಂಡಸರಿಗೆ ದಿನಕ್ಕೆ 60 ಗ್ರಾಂ ದಾಟಿದರೆ ಭಾರಿ ಕುಡಿತವೆಂದೇ ವೈದ್ಯರ ಲೆಕ್ಕ. "ನಮ್ಮ ಮನೆಯವರು ಬರೀ ಒಂದು ಕ್ವಾರ್ಟರ್" ಎಂದು ಸಮಾಧಾನ ಮಾಡಿಕೊಳ್ಳುವ ಅಕ್ಕಂದಿರು ಗಮನಿಸಿ. ಒಂದು ಹಳೇ ನೋಟು ಪುಸ್ತಕದಲ್ಲಿ ದಿನ, ಮಾತ್ರೆ, ಎಷ್ಟು ಕುಡಿದರು, ಈ ಮೂರು ಬರೆದಿಡಬೇಕು. ಬರೆಯುವವರು ಅವರೇ ಆಗಿರಲಿ. ನೀವು ಬರೆದರೆ ಅದು ಪೊಲೀಸ್ ಡೈರಿ ಆಗುತ್ತದೆ.

ಆ ತೋಟದ ಸಹೋದರಿಗೆ ನಾನು ಹೇಳಿದ್ದು ಎರಡೇ. ಉಳಿದ ಮಾತ್ರೆ ನನ್ನ ಕೈಗೆ ಕೊಡಿ. ಮಾತ್ರೆ ಬೆರೆಸಿದ್ದನ್ನು ಡಾಕ್ಟರಿಗೆ ಇವತ್ತೇ ಹೇಳಬೇಕು, ಗಂಡನಿಗೂ ಹೇಳಬೇಕು, ಆದರೆ ಅವರು ಕುಡಿಯದ ಹೊತ್ತಿನಲ್ಲಿ, ಬೇರೆಯವರು ಜೊತೆಗಿರುವಾಗ. ಆಕೆ ಮೂರು ದಿನ ಹೆದರಿ ಕೂತರು. ಆಮೇಲೆ ಆಕೆಯ ಅಣ್ಣನನ್ನು ಕರೆಸಿ ಹೇಳಿದೆವು. ಗಂಡ ತುಂಬಾ ಹೊತ್ತು ಸುಮ್ಮನಿದ್ದು, "ನನ್ನನ್ನ ಸಾಯಿಸೋಕೆ ಹೊರಟಿದ್ಯಾ?" ಎಂದರು. "ಉಳಿಸೋಕೆ ಅಂದ್ಕೊಂಡಿದ್ದೆ" ಎಂದಳು ಆಕೆ. ಮರುವಾರ ಇಬ್ಬರೂ ತಾಲ್ಲೂಕು ಆಸ್ಪತ್ರೆಗೆ ಬಂದರು. ಈಗ ನಾಲ್ಟ್ರೆಕ್ಸೋನ್ ಶುರುವಾಗಿ ಏಳು ತಿಂಗಳು. ದಿನಾ ಕುಡಿಯುತ್ತಿದ್ದವರು ವಾರಕ್ಕೆ ಎರಡು ದಿನಕ್ಕೆ ಬಂದಿದ್ದಾರೆ. ನಡುವೆ ಊರ ಜಾತ್ರೆಯಲ್ಲಿ ಮೂರು ದಿನ ಮಾತ್ರೆ ಬಿಟ್ಟು ಮೊದಲಿನ ಹಾಗೇ ಕುಡಿದರು. ಮತ್ತೆ ಡಾಕ್ಟರ ಹತ್ತಿರ ಹೋದರು. ಮಗಳ ಫೀಸು ಈ ಸಲ ಅವರೇ ಕಟ್ಟಿದ್ದಾರೆ.

ಹೊಡೆತದ ವಿಷಯ ಬೇರೆಯೇ. ಯಾವ ಮಾತ್ರೆಯೂ ಕೈ ಎತ್ತುವುದನ್ನು ತಡೆಯುವುದಿಲ್ಲ. "ಮಾತ್ರೆ ಕೆಲಸ ಮಾಡುವ ತನಕ ತಡ್ಕೋತೀನಿ" ಎಂದು ಕಾಯಬೇಡಿ, 181 ಮಹಿಳಾ ಸಹಾಯವಾಣಿಗೆ ಫೋನ್ ಮಾಡಿ.

ಚಿಕಿತ್ಸೆ ಎಲ್ಲಿ ಸಿಗುತ್ತದೆ? ಜಿಲ್ಲಾ ಆಸ್ಪತ್ರೆಯ ಮನೋವೈದ್ಯ ವಿಭಾಗದಲ್ಲಿ ಕೇಳಿ. ಮನೋಚೈತನ್ಯ ಕಾರ್ಯಕ್ರಮದಲ್ಲಿ ಹಲವು ತಾಲ್ಲೂಕು ಆಸ್ಪತ್ರೆಗಳಿಗೆ ಮಂಗಳವಾರ ಮನೋವೈದ್ಯರು ಬರುತ್ತಾರೆ. ನಿಮ್ಮಲ್ಲಿ ಯಾವ ಮಂಗಳವಾರ ಎಂದು ಆಶಾ ಕಾರ್ಯಕರ್ತೆಯನ್ನು ವಿಚಾರಿಸಿ. ಬೆಂಗಳೂರಿನ ನಿಮ್ಹಾನ್ಸ್, ಧಾರವಾಡದ ಡಿಮ್ಹಾನ್ಸ್ ಕೂಡ ಇವೆ. 14416 ಟೆಲಿ ಮಾನಸ್‌ಗೆ ಹಗಲು ರಾತ್ರಿ ಯಾವಾಗಲಾದರೂ ಉಚಿತವಾಗಿ ಫೋನ್ ಮಾಡಿ ಕನ್ನಡದಲ್ಲೇ ಮಾತಾಡಬಹುದು. ಗಂಡ ಬರಲು ಒಪ್ಪದಿದ್ದರೆ ಮೊದಲು ನೀವೊಬ್ಬರೇ ಮಾತಾಡಿ.

ಮುಂದಿನ ಸಭೆಯಲ್ಲಿ ಮಾತಾಡಲು:

ನಮ್ಮ ಊರಿನಲ್ಲಿ "ಕುಡಿತ ಬಿಡಿಸುವ ಪುಡಿ" ಯಾರು ಮಾರುತ್ತಾರೆ? ಅದರಲ್ಲಿ ಏನಿದೆ ಎಂದು ಯಾರಾದರೂ ಕೇಳಿದ್ದೇವಾ?

ಮಾತ್ರೆ, ರಕ್ತ ಪರೀಕ್ಷೆ, ಬಸ್ ಚಾರ್ಜಿಗೆ ಸಂಘದ ಆಂತರಿಕ ಸಾಲ ಕೊಡಬಹುದೇ? ಎಷ್ಟು ಕಂತು?

ಆಸ್ಪತ್ರೆಗೆ ಮೊದಲ ಸಲ ಹೋಗುವ ಸದಸ್ಯೆಯ ಜೊತೆ ಯಾರು ಹೋಗುತ್ತೀರಿ? ಹೆಸರು ನಿರ್ಣಯ ಪುಸ್ತಕದಲ್ಲಿ ಬರೆಯಿರಿ.